ಕುರಿ ಲೆಕ್ಕದಲ್ಲಿ ಜಪಾನು

ಯತ್ತಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ ನನಗೆ ಅಂಗಡಿಯಲ್ಲಿ ಕೂರಲು ಆಗುತ್ತಿಲ್ಲ. ಬಾಗಿಲು ತೆರೆಯುತ್ತೇನೆ, ಅಂಟಿನ ಡಬ್ಬಿಯ ಮುಚ್ಚಳ ತೆಗೆಯುತ್ತೇನೆ, ಮತ್ತೆ ಎದ್ದು ರಸ್ತೆ ನೋಡುತ್ತೇನೆ. ಹಿರಿಯೂರು ಬಸ್ಸು ಬಂದು ನಿಂತರೆ ಇಳಿಯುವವರ ಮುಖಗಳನ್ನೆಲ್ಲ ನೋಡಿ ಮುಗಿಸುವವರೆಗೆ ಕಣ್ಣು ಈಚೆ ಬರುವುದಿಲ್ಲ. ಅವನ ಬಗ್ಗೆ ಬರೆದಿಟ್ಟರೆ ಕೈಗಾದರೂ ಕೆಲಸವಾಗುತ್ತದೆ.

ನನ್ನದು ಚಿತ್ರದುರ್ಗದಲ್ಲಿ ಪುಸ್ತಕ ಬೈಂಡು ಮಾಡುವ ಅಂಗಡಿ. ಅವನು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಕುರಿ ಸಾಕುವವರ ಮನೆಯವನು. ಮಿಡಲ್ ಸ್ಕೂಲಿನಲ್ಲಿ ಒಂದು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಕೂತಿದ್ದೆವು ಅನ್ನುವುದು ನನ್ನ ಮಟ್ಟಿಗೆ ಸರಿ. ಅವನು ಊಟದ ಗಂಟೆ ಹೊಡೆದರೆ ಚಂದ್ರವಳ್ಳಿಯ ಬಂಡೆಗಳ ಕಡೆ ಹೋಗಿಬಿಡುತ್ತಿದ್ದ. ಮೇಷ್ಟ್ರು ಹುಡುಕಲು ನನ್ನನ್ನು ಕಳಿಸುತ್ತಿದ್ದರು. ವರ್ಷ ಮುಗಿಯುವ ಮುಂಚೆಯೇ ಹಾಸ್ಟೆಲು ಬಿಟ್ಟು ಊರಿಗೆ ನಡೆದುಹೋದ. ಸ್ನೇಹ ಮಾತ್ರ ಬಿಡಲಿಲ್ಲ. ಉಣ್ಣೆ ಮಾರಲು ದುರ್ಗಕ್ಕೆ ಬಂದಾಗಲೆಲ್ಲ ಅಂಗಡಿಗೆ ಬಂದು, ಬೈಂಡಿಗೆ ಬಂದ ಪುಸ್ತಕಗಳಲ್ಲಿ ಚಿತ್ರವಿದ್ದವನ್ನು ಆರಿಸಿ, ನಿಂತುಕೊಂಡೇ ಹಾಳೆ ತಿರುವುತ್ತಿದ್ದ.

ಅವನ ಮನೆಯಲ್ಲಿ ಅವನಿಗೆಂದೇ ಒಂದು ಕೆಲಸವಿತ್ತು. ಬೇಸಿಗೆಯಲ್ಲಿ ಹರಿಯಬ್ಬೆಯ ಸುತ್ತ ಹುಲ್ಲು ತೀರಿದರೆ ಕುರಿಗಳನ್ನು ಪಡುವಣಕ್ಕೆ, ಹೊಸದುರ್ಗ, ಹೊಳಲ್ಕೆರೆ ಕಡೆಗೆ ಹೊಡೆದುಕೊಂಡು ಹೋಗುತ್ತಾರೆ. ಮಂದೆ ಏಳುವ ಮುಂಚೆ ಮನೆಯ ಒಬ್ಬ ಗಂಡಸು ಒಂಟಿಯಾಗಿ ಮುಂದೆ ಹೋಗಿ ಹುಲ್ಲು, ನೀರು, ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವ ರೈತರು ಎಲ್ಲವನ್ನೂ ನೋಡಿಕೊಂಡು ಬರಬೇಕು. ಅವನು ಬಂದು ‘ನೆಲ ಐತೆ’ ಎಂದರೆ ಹೆಂಗಸರು ಗಂಟು ಕಟ್ಟುತ್ತಾರೆ. ‘ನೆಲ ಇಲ್ಲ’ ಎಂದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಅವನ ಮಾತು ಬರುವ ತನಕ ಒಂದು ಕುರಿಯನ್ನೂ ಕದಲಿಸುವಂತಿಲ್ಲ, ಮಾರುವಂತಿಲ್ಲ. ಅವರ ಪೈಕಿಯವರೆಲ್ಲ ನಡೆಸಿಕೊಂಡು ಬಂದ ಕಟ್ಟು ಇದು. ಯತ್ತಪ್ಪನಿಗೆ ಮೀಸೆ ಚಿಗುರಿದಾಗಿನಿಂದ ಆ ಕೆಲಸ ಅವನದೇ ಆಗಿತ್ತು, ಅಣ್ಣ ಮಾರಣ್ಣ ಕುರಿಗಳ ಜೊತೆ ಇರುತ್ತಿದ್ದ.

ಸಾವಿರದ ಒಂಬೈನೂರ ಎಪ್ಪತ್ತರಲ್ಲಿ, ಯುಗಾದಿಗೆ ಇನ್ನೂ ವಾರವಿದ್ದಾಗ, ಯಾವುದೋ ಲೈಬ್ರರಿಯವರು ಬೈಂಡಿಗೆ ಕೊಟ್ಟಿದ್ದ ಇಂಗ್ಲಿಷ್ ಚಿತ್ರಪತ್ರಿಕೆಗಳಲ್ಲಿ ಅವನು ಜಪಾನನ್ನು ನೋಡಿದ. ಒಸಾಕಾ ಎಂಬ ಪಟ್ಟಣದಲ್ಲಿ ಲೋಕದ ದೇಶಗಳೆಲ್ಲ ಸೇರಿ ದೊಡ್ಡ ವಸ್ತುಪ್ರದರ್ಶನ ಮಾಡುತ್ತಿದ್ದವು. ಅದರ ಪಕ್ಕದಲ್ಲೇ ಒಂದು ಆಟದ ತೋಟ. ಕಬ್ಬಿಣದ ಕಂಬಗಳ ಮೇಲೆ ಹಳಿ ಹಾಸಿ, ರೈಲುಗಾಡಿಯಂಥದ್ದನ್ನು ಗುಡ್ಡದೆತ್ತರ ಹತ್ತಿಸಿ ಕೆಳಕ್ಕೆ ಬಿಡುತ್ತಿದ್ದರು. ಕೂತವರೆಲ್ಲ ಕೈ ಮೇಲೆತ್ತಿ ಬಾಯಿ ತೆರೆದಿದ್ದರು. ಯತ್ತಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

“ಲೇ ಜಬೀ, ಇದ್ರಾಗೆ ಒಂದ್ ಸಾಲಿಗೆ ಎಷ್ಟ್ ಜನ ಕುಂತ್ಕಬಹುದು?”

ಇಬ್ಬರು ಕಾಣುತ್ತಾರೆ ಎಂದೆ.

“ಹಂಗಾದ್ರೆ ನಮಗೆ ಮೂರು ಸಾಲು ಸಾಕು.”

ಅವರು ಆರು ಜನ: ತಾಯಿ ಕಾಳಕ್ಕ, ಹೆಂಡತಿ ತೀರಿಕೊಂಡಿದ್ದ ಮಾರಣ್ಣ, ಯತ್ತಪ್ಪ, ಅವನ ಹೆಂಡತಿ ಓಬಕ್ಕ, ಅವರ ಇಬ್ಬರು ಹೆಣ್ಣುಮಕ್ಕಳು. ನಾನು ನಕ್ಕೆ. ಅವನು ನಗಲಿಲ್ಲ. ಅಂದು ಕೊನೆಯ ಬಸ್ಸು ಬಿಟ್ಟು ಅಂಗಡಿಯಲ್ಲೇ ಉಳಿದು, ತನಗೆ ಬೇಕಾದ್ದು ಏನೆಂದು ನನಗೆ ಹೇಳಿದ. ಅವನು ಎಷ್ಟೋ ಹೊಸ ಜಾಗ ನೋಡಿದ್ದ, ಆದರೆ ಪ್ರತಿಯೊಂದನ್ನೂ ಒಬ್ಬನೇ ನೋಡಿದ್ದ. ಮನೆಯವರನ್ನು ಕರೆತರುವ ಹೊತ್ತಿಗೆ ಅದು ಅವನಿಗೆ ಹಳೆಯ ಜಾಗವಾಗಿರುತ್ತಿತ್ತು. ಅವರು ಅಲ್ಲಿ ಒಲೆ ಹೂಡುತ್ತಿದ್ದಂತೆ ಇವನು ಮುಂದಿನ ನೆಲ ನೋಡಲು ಹೊರಟಿರುತ್ತಿದ್ದ. ಹೊಸ ಕೆರೆಯೊಂದನ್ನು ಕಂಡು ತನ್ನ ಹುಡುಗಿಯರು ಮಾಡುವ ಮುಖವನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಯಾರೂ ನೋಡದ ಜಾಗವನ್ನು ಒಂದು ಸಲ, ಒಂದೇ ಗಳಿಗೆಯಲ್ಲಿ, ಆರೂ ಜನ ನೋಡಬೇಕು. ಅಷ್ಟೇ ಅವನ ಆಸೆ.

ಯುಗಾದಿಯ ಮಾರನೆಯ ದಿನ ನನ್ನನ್ನು ಹರಿಯಬ್ಬೆಗೆ ಕರೆಸಿಕೊಂಡ. ಮನೆಯ ಮುಂದೆ ಎಲ್ಲರನ್ನೂ ಕೂರಿಸಿ ತಾನು ಓಡಾಡುತ್ತ ಖರ್ಚಿನ ಲೆಕ್ಕ ಹೇಳಿದ. ಲೆಕ್ಕವೆಲ್ಲ ಕುರಿಯಲ್ಲಿ. ರೂಪಾಯಿ ಎಂದರೆ ಅವರಿಗೆ ದೂರದ ಮಾತು. ಹಡಗಿನ ಅಟ್ಟದ ಮೇಲೆ ಮಲಗಿ ಹೋಗಿಬರಲು ದೊಡ್ಡವರಿಗೆ ತಲೆಗೆ ಇಪ್ಪತ್ತು ಕುರಿ, ಹುಡುಗಿಯರಿಗೆ ಅರ್ಧ ಟಿಕೆಟ್ಟಾದ್ದರಿಂದ ಹತ್ತು ಹತ್ತು. ರಾಗಿಹಿಟ್ಟು, ಹುರಿಗಾಳು, ಶೇಂಗಾಪುಡಿ ಮನೆಯಿಂದಲೇ. ಆಟದ ತೋಟದ ಟಿಕೆಟ್ಟಿಗೆ ಎರಡು ಟಗರು ಬೇರೆ ತೆಗೆದಿಟ್ಟಿದ್ದ. ಮಂದೆಯಲ್ಲಿ ಇನ್ನೂರಕ್ಕೆ ಸ್ವಲ್ಪ ಮೇಲೆ ಇದ್ದವು. ಅರ್ಧ ಹೋಗುತ್ತದೆ, ಅರ್ಧ ಉಳಿಯುತ್ತದೆ, ಎರಡು ವರ್ಷದಲ್ಲಿ ಮತ್ತೆ ತುಂಬುತ್ತದೆ ಎಂದ.

ಕಾಳಕ್ಕ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೇಳಿದಳು. “ಅಲ್ಲಿ ಕುರಿ ಅವೇನಪ್ಪ?”

“ಗೊತ್ತಿಲ್ಲವ್ವ.”

“ಕುರಿ ಇಲ್ದಿರೋ ಊರಾಗೆ ನಾನೇನ್ ಮಾತಾಡ್ಲಿ, ಯಾರ್ ಜೊತೆ ಮಾತಾಡ್ಲಿ?”

ಉಳಿದ ಅರ್ಧ ಮಂದೆಯನ್ನು ಯಾರು ನೋಡಿಕೊಳ್ಳುವುದು ಎಂದು ಓಬಕ್ಕ ಕೇಳಿದ ಮೇಲೆ ಮಾತು ಕೆಟ್ಟಿತು. ತಾನು ಉಳಿಯುತ್ತೇನೆ ಎಂದು ಕಾಳಕ್ಕ. ನಿನಗೆ ಕಣ್ಣು ಕಾಣುವುದಿಲ್ಲ, ನಾನು ಉಳಿಯುತ್ತೇನೆ ಎಂದು ಮಾರಣ್ಣ. ಭಾವನಿಗೆ ಮುದ್ದೆ ತಿರುವುವವರು ಯಾರು, ಆದ್ದರಿಂದ ತಾನೂ ಉಳಿಯಬೇಕು ಎಂದು ಓಬಕ್ಕ. ಅವ್ವ ಬರದಿದ್ದರೆ ನಾವೂ ಇಲ್ಲ ಎಂದು ಹುಡುಗಿಯರು. ಕುರಿಯನ್ನು ಕೂಲಿಗೆ ಬಿಟ್ಟುಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಆ ಮನೆಯಲ್ಲಿ ಅದು ಮಗುವನ್ನು ಬಾಡಿಗೆಗೆ ಕೊಟ್ಟಂತೆ. ಯತ್ತಪ್ಪ ಅಂಗಳದ ಈ ತುದಿಯಿಂದ ಆ ತುದಿಗೆ ತಿರುಗುತ್ತಲೇ ಇದ್ದ.

“ಆರೂ ಜನ ಹೋಗಾಣ. ಇಲ್ಲಾಂದ್ರೆ ಬ್ಯಾಡ,” ಎಂದ ಕೊನೆಗೆ.

ಮಾರಣ್ಣ ಸಣ್ಣಗೆ ಮಾತಾಡುವ ಮನುಷ್ಯ. ನೋಡದ ನೆಲಕ್ಕೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ರೂಢಿಯಿಲ್ಲ, ಮೊದಲು ನೀನು ಹೋಗಿ ನೋಡಿಕೊಂಡು ಬಾ ಎಂದ.

“ಅಣ್ಣ, ನಾನು ಮೊದ್ಲು ನೋಡಿದ್ರೆ ಮುಗೀತಲ್ಲ. ಮತ್ಯಾಕೆ ಹೋಗಾದು?”

ಇಬ್ಬರನ್ನೂ ಬಿಡಿಸಿದವಳು ಓಬಕ್ಕ. “ಹಡಗಿನ ಬಾಗಿಲ ತಂಕ ಹೋಗಿ ನೋಡ್ಕಂಡ್ ಬಾ. ಅದರಾಚಿಕಡೆದು ನಮ್ ಜೊತೆ ನೋಡೀಯಂತೆ.”

ಹೀಗೆ ಯತ್ತಪ್ಪ ಸಮುದ್ರದ ಅಂಚಿಗೆ ನೆಲ ನೋಡಲು ಹೊರಟ. ಇಂಗ್ಲಿಷ್ ಬೇಕಾಗುತ್ತದೆಂದು ನನ್ನನ್ನೂ ಎಳೆದುಕೊಂಡ. ಮದರಾಸಿನ ರೈಲಿನಲ್ಲಿ ಒಂದು ನಿಲ್ದಾಣದಲ್ಲೂ ಇಳಿಯದೆ ಬಿಡಲಿಲ್ಲ. ಗಾಡಿ ಹೊರಟ ಮೇಲೆ ಓಡಿಬಂದು ಹತ್ತುತ್ತಿದ್ದ. ಸಮುದ್ರದ ದಂಡೆಗೆ ಹೋಗೋಣವೆಂದರೆ ಒಪ್ಪಲಿಲ್ಲ, ಹುಡುಗಿಯರಿಗಿಂತ ಮುಂಚೆ ಅದನ್ನು ನೋಡಬಾರದೆಂದು ತಲೆ ತಗ್ಗಿಸಿಕೊಂಡೇ ಹಡಗಿನ ಏಜೆಂಟರ ಆಫೀಸಿಗೆ ಬಂದ. ಅಲ್ಲಿಯ ಗುಮಾಸ್ತ ವಯಸ್ಸಾದವರು, ನಮ್ಮನ್ನು ಕೂರಿಸಿ ಎಲ್ಲವನ್ನೂ ಬಿಡಿಸಿ ಹೇಳಿದರು. ಸಿಂಗಪುರದಲ್ಲಿ ಹಡಗು ಬದಲಿಸಬೇಕು. ಪಾಸ್‌ಪೋರ್ಟಿಗೂ ರಿಸರ್ವ್ ಬ್ಯಾಂಕಿನ ಅನುಮತಿಗೂ ಈಗಲೇ ಅರ್ಜಿ ಹಾಕಬೇಕು. ಜುಲೈ ಮುಗಿಯುವುದರೊಳಗೆ ಹೊರಟರೆ ಪ್ರದರ್ಶನ ಮುಗಿಯುವ ಮುಂಚೆ ತಲುಪಬಹುದು. ಆರು ಜನಕ್ಕೆ ಜಾಗವಿದೆ. ಅವರು ಹೇಳಿದ ಮೊತ್ತವನ್ನು ಯತ್ತಪ್ಪ ಕುರಿಗೆ ತಿರುಗಿಸಿ ನೋಡಿದ. ಅವನ ಅಂದಾಜಿಗಿಂತ ನಾಲ್ಕೈದು ಕುರಿ ಕಡಿಮೆಯೇ ಆಗಿತ್ತು.

ವಾಪಸು ಬರುವಾಗ ಅವನ ಸಂತೋಷವನ್ನು ಹಿಡಿಯುವುದೇ ಕಷ್ಟವಾಯಿತು. ಕಾಳಕ್ಕ ಮುಂದಿನ ಸಾಲಿನಲ್ಲಿ ಮಾರಣ್ಣನ ಪಕ್ಕ, ದೊಡ್ಡ ಹುಡುಗಿ ಅವ್ವನ ಪಕ್ಕ, ಚಿಕ್ಕವಳು ತನ್ನ ಪಕ್ಕ. ಬೆಂಗಳೂರು ದಾಟುವ ಹೊತ್ತಿಗೆ ಆ ಸಾಲುಗಳನ್ನು ಎಷ್ಟೋ ಸಲ ಬದಲಿಸಿದ್ದ. ಯಾರು ಉಳಿಯುವುದು ಎಂಬ ಪ್ರಶ್ನೆ ಏನಾಯಿತೆಂದು ಕೇಳಿದೆ. ಹೊಸದುರ್ಗದ ಕಡೆಯ ನೆಂಟರ ಮಂದೆಯಲ್ಲಿ ಸೇರಿಸಬಹುದು, ಅಣ್ಣನನ್ನು ಒಪ್ಪಿಸುತ್ತೇನೆ ಎಂದ.

ಹರಿಯಬ್ಬೆಯಲ್ಲಿ ಬಸ್ಸಿಳಿದು ಮನೆಯ ಕಡೆ ತಿರುಗಿದಾಗ ಮಧ್ಯಾಹ್ನ. ಮೇಯಲು ಹೋಗಿರಬೇಕಾದ ಕುರಿಗಳೆಲ್ಲ ಹಟ್ಟಿಯಲ್ಲೇ ಇದ್ದವು. ಪ್ರತಿಯೊಂದರ ಬೆನ್ನಿನ ಮೇಲೂ ಅಂಗೈಯಗಲದ ಕೆಂಪು ಬಣ್ಣ. ಕುರಿ ವ್ಯಾಪಾರಿಗಳು ಕೊಂಡ ಕುರಿಗೆ ಬಳಿಯುವ ಗುರುತು ಅದು. ಅರ್ಧ ಮಂದೆಗಲ್ಲ, ಪೂರ್ತಿ ಮಂದೆಗೆ ಬಳಿದಿತ್ತು; ಹಾಲು ಕುಡಿಯುವ ಮರಿಗಳನ್ನೂ ಬಿಟ್ಟಿರಲಿಲ್ಲ. ಹೊಸದುರ್ಗದ ವ್ಯಾಪಾರಿ ಮೂರ್ತಪ್ಪ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದ. ಅವನೂ ಕುರಿಯವರ ಪೈಕಿಯವನೇ.

ಯತ್ತಪ್ಪ ನಿಂತುಬಿಟ್ಟ. ಅವನು ಅಷ್ಟು ಹೊತ್ತು ಅಲುಗಾಡದೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮಾರಣ್ಣ ಎದ್ದು ಬಂದ. ಅಂಗೈ ಕೆಂಪಗಿತ್ತು. “ಯಾರು ಉಳಿಯಾದು ಅಂತ ನಿಂಗೆ ಸಂಕಟ ಇತ್ತಲ್ಲೋ. ಈಗ ಯಾರೂ ಉಳಿಯಂಗಿಲ್ಲ. ಎಲ್ಲಾ ಕೊಟ್ಟೆ.”

“ನಾನು ಬರೋ ಮುಂಚೆನೇ?”

“ನೀನು ಐತೆ ಅಂತೀಯ ಅಂತ ಗೊತ್ತಿತ್ತು. ನಿನ್ ಮುಖ ಯುಗಾದಿ ದಿನನೇ ಹೇಳಿತ್ತು.”

“ವಾಪಸ್ ಬಂದು ಏನ್ ಮಾಡ್ತೀಯಣ್ಣ?”

“ಅದನ್ನ ವಾಪಸ್ ಬಂದ್ಮೇಲೆ ನೋಡಾಣ. ಅಲ್ಲಿ ಗಂಟ ಹುಡುಗೇರ ಕೈ ಹಿಡ್ಕಂಡಿರ್ತೀನಿ.”

ಅವನು ಹುಟ್ಟಿದಾಗಿನಿಂದ ಕುರಿಗಳ ಜೊತೆ ಮಲಗಿದ ಮನುಷ್ಯ. ತಮ್ಮನ ಆರು ಜನದ ಲೆಕ್ಕದಲ್ಲಿ ತಾನು ಅಡ್ಡವಾಗಬಾರದೆಂದು ಮನೆಯ ಕಟ್ಟನ್ನೇ ಮುರಿದಿದ್ದ. ಹುಡುಗಿಯರು ಬಾಗಿಲಲ್ಲಿ ನಿಂತು ಅಪ್ಪನ ಬಾಯಿಯನ್ನೇ ನೋಡುತ್ತಿದ್ದರು. ಕಾಳಕ್ಕ ಕಂಬಳಿಯನ್ನು ಮಡಿಸಿ, ಹಗ್ಗ ಸುತ್ತಿ, ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು.

ಯತ್ತಪ್ಪ ಒಂದು ಕುರಿಯ ಬೆನ್ನಿನ ಬಣ್ಣ ಮುಟ್ಟಿ ನೋಡಿದ. ಇನ್ನೂ ಹಸಿಯಾಗಿತ್ತು.

“ನೆಲ ಇಲ್ಲ ಕಣಣ್ಣ,” ಎಂದ.

ಅವನು ಹೇಳಿದ್ದು ಅಷ್ಟೇ. ಹಡಗಿನಲ್ಲಿ ಜಾಗವಿಲ್ಲವೇ, ಹಣ ಸಾಲದೇ ಎಂದು ಯಾರೂ ಕೇಳಲಿಲ್ಲ. ಮಾರಣ್ಣ ತಲೆಯಾಡಿಸಿದ. ಮೂರ್ತಪ್ಪ ಮಜ್ಜಿಗೆಯ ಚೊಂಬು ಕೆಳಗಿಟ್ಟ. ನೋಡಿ ಬಂದವನು ಇಲ್ಲ ಎಂದ ಮೇಲೆ ಮಾರಾಟವೂ ಇಲ್ಲ, ಅವನಿಗೂ ಅದು ಗೊತ್ತು. ಕೊಟ್ಟಿದ್ದ ಮುಂಗಡವನ್ನು ತೆಗೆದುಕೊಂಡು, ಎಣಿಸದೆ ಜೇಬಿಗೆ ಹಾಕಿಕೊಂಡ. ಹೋಗುವಾಗ ಮಾತ್ರ ಮಾರಣ್ಣನನ್ನು ಕೆಣಕಿದ. “ನನ್ ಬಣ್ಣದ ದುಡ್ಡು ಯಾರು ಕೊಡ್ತಾರಪ್ಪ? ಮುಂದಿನ ಸಾರಿ ತಮ್ಮ ಬಂದ್ಮೇಲೆ ಕೈ ಅದ್ದು.” ಚಿಕ್ಕ ಹುಡುಗಿ ಒಳಗೆ ಹೋಗಿ ಅತ್ತಳು. ಕಾಳಕ್ಕ ಹಗ್ಗ ಬಿಚ್ಚಿದಳು.

ಓಬಕ್ಕ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದಳು. ಬಸ್ಸಿನ ಧೂಳು ಕಂಡಾಗ ಕೇಳಿದಳು.

“ಜಬೀವಣ್ಣ, ಅಲ್ಲಿ ಜಾಗ ಇತ್ತಲ್ವ?”

ಇತ್ತಮ್ಮ ಎಂದೆ. ಆರು ಜನಕ್ಕೂ ಇತ್ತು.

“ಯಾರಿಗೂ ಹೇಳಬ್ಯಾಡ್ರಿ. ನೋಡಿ ಬಂದೋನು ಒಂದ್ ಸಾರಿ ಸುಳ್ಳು ಹೇಳಿದಾನೆ ಅಂತ ಗೊತ್ತಾದ್ರೆ ಅವನ್ ಮಾತಿಗೆ ಇನ್ಯಾರು ಮಂದೆ ಎಬ್ಬಿಸ್ತಾರೆ? ಅದೊಂದ್ ಹೋದ್ರೆ ಅವನಿಗೆ ಬ್ಯಾರೆ ಏನೂ ಇಲ್ಲ.”

ಆ ವರ್ಷ ಉಣ್ಣೆ ಕತ್ತರಿಸುವ ತನಕ ಕೆಂಪು ಬಣ್ಣ ಹೋಗಲಿಲ್ಲ. ಮಳೆ ಬಂದು ಹುಲ್ಲು ಚಿಗುರಿದ್ದರೂ, ನೋಡಬೇಕಾದ ನೆಲ ಯಾವುದೂ ಇಲ್ಲದಿದ್ದರೂ, ಯತ್ತಪ್ಪ ಮನೆಯಲ್ಲಿ ನಿಲ್ಲಲಿಲ್ಲ. ದುರ್ಗಕ್ಕೆ ಬರುತ್ತಿದ್ದ, ಬಂದ ಬಸ್ಸಿನಲ್ಲೇ ಹೊಳಲ್ಕೆರೆಗೆ ಹೋಗುತ್ತಿದ್ದ. ನನ್ನ ಅಂಗಡಿಯಲ್ಲಿ ಚಿತ್ರದ ಪುಸ್ತಕ ಮುಟ್ಟುವುದನ್ನು ಬಿಟ್ಟ. ಪ್ರದರ್ಶನ ಮುಗಿದ ಸುದ್ದಿಯನ್ನು ಪೇಪರಿನಲ್ಲಿ ಓದಿ ಅವನಿಗೆ ಹೇಳಿದೆ. “ಇಷ್ಟ್ ದಿನ ನಡೀತಿತ್ತೇನಲೇ,” ಎಂದಷ್ಟೇ ಹೇಳಿ ಬಾಗಿಲಾಚೆ ನೋಡಿದ. ಆ ಮೇಲೆ ನಾವು ಜಪಾನಿನ ಮಾತು ಆಡಲಿಲ್ಲ. ಹುಡುಗಿಯರು ದೊಡ್ಡವರಾದರು, ದೊಡ್ಡವಳಿಗೆ ಮದುವೆಯಾಯಿತು, ಕಾಳಕ್ಕ ಹೋದಳು. ಪ್ರತಿ ಬೇಸಿಗೆಯಲ್ಲೂ ಅವನು ಒಂಟಿಯಾಗಿ ಮುಂದೆ ಹೋಗುತ್ತಿದ್ದ, ಅವನ ಮಾತಿನ ಮೇಲೆ ಮಂದೆ ಏಳುತ್ತಿತ್ತು.

ಈ ಬೇಸಿಗೆಯಲ್ಲಿ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಕಡೆ ಹೋಗಿದ್ದ. ಹುಲ್ಲಿದೆ, ಕೆರೆಯಲ್ಲಿ ನೀರಿದೆ, ಹೊಲದಲ್ಲಿ ಕುರಿ ನಿಲ್ಲಿಸಿದರೆ ರೈತರು ಕಾಳು ಕೊಡುತ್ತಾರೆ ಎಂದು ಬಸ್ಸಿನ ಕಂಡಕ್ಟರ ಕೈಲಿ ಹೇಳಿಕಳಿಸಿದ್ದ. ಅಂದೇ ಅಲ್ಲಿಯ ಕೆರೆ ಏರಿಯ ಮೇಲೆ ಎದೆನೋವು ಬಂದು ಬಿದ್ದನಂತೆ. ಹರಿಯಬ್ಬೆಗೆ ತಂದು ಅವರ ಹೊಲದಲ್ಲೇ ಮಣ್ಣು ಮಾಡಿದೆವು. ಕಾರ್ಯ ಮುಗಿಯುವವರೆಗೆ, ಆಮೇಲೂ ಒಂದಷ್ಟು ದಿನ ತಡೆಯಿರಿ ಎಂದು ನೆಂಟರು ಹೇಳಿದರು. ಸಾವು ಕಂಡ ನೆಲಕ್ಕೆ ಮಂದೆ ಹೊಡೆಯಬೇಡಿ ಎಂದವರೂ ಇದ್ದರು.

“ಅವನು ಐತೆ ಅಂದಾನೆ,” ಎಂದ ಮಾರಣ್ಣ. ಮೂರನೆಯ ದಿನದ ಕಾರ್ಯ ಮುಗಿಸಿ ಮಂದೆ ಎಬ್ಬಿಸಿದ.

ಹೋದ ವಾರ ನಾನು ಬಿ.ದುರ್ಗಕ್ಕೆ ಹೋಗಿದ್ದೆ. ಕೊಯ್ಲಾದ ಹೊಲದಲ್ಲಿ ಕುರಿಗಳು ಮೇಯುತ್ತಿದ್ದವು. ಓಬಕ್ಕ ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದಳು, ಚಿಕ್ಕ ಮಗಳು ನೀರು ತರಲು ಹೋಗಿದ್ದಳು. ಯತ್ತಪ್ಪನ ಬಗ್ಗೆ ಬರೆಯಬೇಕೆಂದಿದ್ದೇನೆ, ಮದರಾಸಿನದನ್ನು ಬಿಟ್ಟು ಬರೆಯಲಾಗುತ್ತಿಲ್ಲ ಎಂದೆ. ಅವಳು ಒಲೆಯೊಳಗಿನ ಕೊಳ್ಳಿಯನ್ನು ಮುಂದಕ್ಕೆ ತಳ್ಳಿದಳು.

“ಬರೀರಿ. ಇನ್ನು ಅವನು ಯಾರಿಗೂ ದಾರಿ ಹೇಳಂಗಿಲ್ಲ.”

ದೂರದಲ್ಲಿ ಕೋಲೂರಿ ನಿಂತಿದ್ದ ಮಾರಣ್ಣನ ಕಡೆ ನೋಡಿ ಮತ್ತೆ ಹೇಳಿದಳು. “ನೀವು ಬರೆಯೋ ಮುಂಚೆ, ಹಡಗಿನಾಗೆ ಜಾಗ ಇತ್ತು ಅಂತ ಭಾವಂಗೆ ನಾನೇ ಹೇಳ್ತೀನಿ. ಊಟ ಆಗ್ಲಿ.”