ಹಾಲು ಹಾಕಿದ ಕೆಂಪು ಬೇರು

ತೊಂಬತ್ತರ ದಶಕದ ನಡುವಿನಲ್ಲಿ ನಾನು ಅಟ್ಲಾಂಟಾದ ಒಂದು ಪ್ರಯೋಗಾಲಯದಲ್ಲಿ ಮೊಲಗಳ ರಕ್ತನಾಳ ಕತ್ತರಿಸಿ ನೋಡುವ ಕೆಲಸದಲ್ಲಿದ್ದೆ. ಅಲ್ಲೇ ಹತ್ತಿರದ ಲಾರೆನ್ಸ್‌ವಿಲ್‌ನ ಮನೆಯಲ್ಲಿ ನನ್ನ ಗಂಡ ಎದೆನೋವಿನಿಂದ ಕೆಲಸ ಬಿಟ್ಟು ಕೂತಿದ್ದರು. ಮೈಸೂರಿನಲ್ಲಿ ಓದಿ ಬಂದು, ಇಲ್ಲಿ ವರ್ಷಗಟ್ಟಲೆ ಜನರಿಗೆ ಅರಿವಳಿಕೆ ಕೊಟ್ಟ ಡಾಕ್ಟರು. ಎರಡು ಸಲ ಬೈಪಾಸ್ ಆಗಿತ್ತು. ಮೂರನೆಯದಕ್ಕೆ ಹೊಲಿಯಲು ಜಾಗವೇ ಉಳಿದಿಲ್ಲ ಎಂದು ಸರ್ಜನ್ ಹೇಳಿ ಕಳಿಸಿದ್ದ. ಪಾರ್ಕಿಂಗ್ ಲಾಟಿನಿಂದ ಅಂಗಡಿಯ ಬಾಗಿಲ ತನಕ ಹೋಗುವಾಗ ಅವರು ನಡುವೆ ನಿಂತು, ಯಾರದೋ ಕಾರನ್ನು ಕೊಳ್ಳುವವರ ಹಾಗೆ ಪರೀಕ್ಷಿಸುತ್ತಿದ್ದರು. ನಾಲಗೆಯ ಕೆಳಗಿನ ಮಾತ್ರೆ ಕರಗುವವರೆಗೆ ಆ ನಾಟಕ. ನನಗೆ ಸಿಟ್ಟು ಬರುತ್ತಿತ್ತು. ನೋವಾದರೆ ನೋವು ಎನ್ನಬೇಕಪ್ಪ, ಯಾರ ಮುಂದೆ ಈ ಮರ್ಯಾದೆ?

ಡಬ್ಬಿಯಲ್ಲಿ ಹಳತಾದ ಕೊಬ್ಬರಿ ಕಮಟು ಹಿಡಿಯುತ್ತದಲ್ಲ, ರಕ್ತನಾಳದ ಗೋಡೆಯೊಳಗೆ ಸೇರಿದ ಕೊಬ್ಬಿಗೂ ಸುಮಾರು ಹಾಗೆಯೇ ಆಗುತ್ತದೆ. ಲ್ಯಾಬಿನಲ್ಲಿ ಅದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಿದ್ದೆವು. ಆ ಕಮಟನ್ನು ತಡೆದರೆ ನಾಳ ಕಟ್ಟುವುದೂ ನಿಂತೀತು ಎಂಬುದು ಆಗಿನ ದೊಡ್ಡ ಆಸೆ. ಪಕ್ಕದ ಬೆಂಚಿನ ಚೀನೀ ಸಹೋದ್ಯೋಗಿ ಅದಕ್ಕಾಗಿ ದಾನ್‌ಶೆನ್ ಎಂಬ ಕೆಂಪು ಬೇರನ್ನು ಹಿಡಿದಿದ್ದಳು. ಅವಳ ಊರಿನಲ್ಲಿ ಮುದುಕರು ಎದೆನೋವಿಗೆ ಕುಡಿಯುವ ಬೇರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಅದು ಸೊಗಸಾಗಿ ಕೆಲಸ ಮಾಡಿತು; ಮುಂದೆ ಮೊಲಗಳಿಗೆ ತಿನ್ನಿಸಿ ನೋಡುವುದಿತ್ತು. ಆ ಸಂಜೆ ಊಟಕ್ಕೆ ಕೂತಾಗ ಬಾಯಿ ತಡೆಯಲಾರದೆ ಗಂಡನಿಗೆ ಹೇಳಿಬಿಟ್ಟೆ.

ಗಿಡಮೂಲಿಕೆ ಎಂದರೆ ಜೀವಮಾನವೆಲ್ಲ ಮೂಗು ಮುರಿದ ಮನುಷ್ಯ. ತುತ್ತು ಕೆಳಗಿಟ್ಟು, "ಎಲ್ಲಿ ಸಿಗುತ್ತೆ ಅದು?" ಎಂದರು.

ಪಕ್ಕದ ಊರು ಡುಲುತ್‌ನ ಚೀನೀ ಅಂಗಡಿಯಲ್ಲಿ ಸಿಕ್ಕಿತು. ರಕ್ತ ತೆಳುಮಾಡುವ ಕೆಲವು ಮಾತ್ರೆಗಳಿಗೂ ಅದಕ್ಕೂ ಆಗಿಬರುವುದಿಲ್ಲವೆಂದು ನಾನು ಹಟ ಹಿಡಿದು ಮೊದಲು ಹೃದಯದ ಡಾಕ್ಟರ ಹತ್ತಿರ ಕೇಳಿಸಿದೆ. ಅಂಥ ಮಾತ್ರೆ ಇವರಿಗಿರಲಿಲ್ಲ. ಕುಡಿದರೆ ಕುಡಿಯಲಿ ಎಂದ ಆತ. ಅವನ ಧಾರಾಳ ಕಂಡೇ ನನಗೆ ಹೆದರಿಕೆಯಾಯಿತು.

ಕಷಾಯದ ಕೆಲಸ ಅವರೇ ವಹಿಸಿಕೊಂಡರು. ಬೇರು ಜಜ್ಜಿ, ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವ ತನಕ ಕುದಿಸಿ, ಜೀರಿಗೆ, ಬೆಲ್ಲ, ಕೊನೆಗೆ ಅರ್ಧ ಲೋಟ ಹಾಲು. ಅವರ ತಾಯಿ ಮಾಡುತ್ತಿದ್ದದ್ದು ಹಾಗೆ. ಹಾಲಿಲ್ಲದ್ದು ಅವರ ಮನೆಯಲ್ಲಿ ಕಷಾಯವೇ ಅಲ್ಲ. ಸಂಜೆ ನಾನು ಒಳಗೆ ಬಂದರೆ ಮೊದಲ ಪ್ರಶ್ನೆ, "ನಿನ್ನ ಮೊಲಗಳು ಹೇಗಿವೆ?" ತಿಂಗಳುಗಟ್ಟಲೆ ಕುಡಿದರು. ಮೊದಮೊದಲು ರಸ್ತೆಯಂಚಿನ ಮೇಲ್‌ಬಾಕ್ಸಿನ ತನಕ ಹೋಗುತ್ತಿದ್ದವರು ಆಮೇಲೆ ಗ್ಯಾರೇಜಿನ ಬಾಗಿಲಲ್ಲೇ ನಿಲ್ಲತೊಡಗಿದರು.

ಒಂದು ಶುಕ್ರವಾರ ಮೊಲಗಳ ಫಲಿತಾಂಶ ಬಂತು. ಬೇರಿನ ಸಾರ ತಿಂದವುಗಳ ನಾಳವನ್ನೂ ತಿನ್ನದವುಗಳ ನಾಳವನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲಾಗಲಿಲ್ಲ. ಅದೇ ಹಳದಿ, ಅದೇ ದಪ್ಪ. ಸಹೋದ್ಯೋಗಿ ಮೈಕ್ರೋಸ್ಕೋಪಿನ ದೀಪ ಆರಿಸಿದಳು.

ಮರುದಿನ ಊಟಕ್ಕೆ ಅವಳನ್ನು ಮೊದಲೇ ಕರೆದಿದ್ದೆ, ಬಂದಳು. ಇವರು ಹುಮ್ಮಸ್ಸಿನಿಂದ ತಮ್ಮ ಕಷಾಯ ಮಾಡಿ ತೋರಿಸಿದರು. ಹಾಲು ಬೀಳುತ್ತಿದ್ದ ಹಾಗೆ ಅವಳು ಕೈ ಅಡ್ಡ ಹಿಡಿದಳು. ಈ ಬೇರಿಗೆ ಹಾಲೇ? ಅವಳ ಅಮ್ಮ ನೋಡಿದ್ದರೆ ಪಾತ್ರೆ ಕಿತ್ತುಕೊಳ್ಳುತ್ತಿದ್ದರಂತೆ. ಬೇರಿನ ಸತ್ವವನ್ನೆಲ್ಲ ಹಾಲು ಕಟ್ಟಿಹಾಕುತ್ತದಂತೆ. ಹಿಂದಿನ ದಿನ ಕಂಡದ್ದನ್ನು ಮರೆತು, ಅಮ್ಮನ ಮಗಳಾಗಿ ಆಡಿದ ಮಾತು.

ನನ್ನ ಗಂಡನ ಮುಖ ಅರಳಿತು. ಆ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ಅವಳು ಹೊರಟ ಮೇಲೆ ಹಾಲಿಲ್ಲದೆ ಇನ್ನೊಂದು ಲೋಟ ಕಾಯಿಸಿಕೊಂಡು ಬಂದು ಟೇಬಲ್ಲಿಗೆ ಕೂತರು.

"ನೋಡಿದ್ಯಾ? ಇಷ್ಟು ತಿಂಗಳು ಹಾಲೇ ಎಲ್ಲಾ ಹಾಳ್ ಮಾಡಿದ್ದು. ಇವತ್ತಿಂದ ಫ್ರೆಶ್ ಆಗಿ ಸ್ಟಾರ್ಟ್ ಮಾಡ್ತೀನಿ."

ಹೂಂ ಎನ್ನಬೇಕೆಂದು ತುಂಬ ಆಸೆಯಾಯಿತು. ಹೂಂ ಎಂದರೆ ಅವರಿಗೆ ಇನ್ನೂ ಕೆಲವು ತಿಂಗಳ ನಂಬಿಕೆ ಸಿಗುತ್ತಿತ್ತು. ನಾನು ಪಾತ್ರೆ ತೊಳೆಯುತ್ತಲೇ ಇದ್ದೆ. ನನ್ನ ಬೆನ್ನು ನೋಡಿಯೇ ಅವರಿಗೆ ಏನೋ ಗೊತ್ತಾಗಿರಬೇಕು.

"ರಿಸಲ್ಟ್ ಬಂತಾ?"

"ನಿನ್ನೆ ಬಂತು. ಡಿಫರೆನ್ಸ್ ಏನೂ ಇಲ್ಲ."

ಅವರು ಒಂದು ಗುಟುಕು ಕುಡಿದರು. ಕಹಿಗೆ ಮುಖ ಕಿವುಚಿದರು.

"ಮೊಲಗಳಿಗೆ ಹಾಲು ಹಾಕಿ ಕೊಟ್ಟಿರ್ಲಿಲ್ಲ, ಅಲ್ವಾ?"

"ಇಲ್ಲ."

ಇಡೀ ಆಯುಷ್ಯ ಇನ್ನೊಬ್ಬರ ಉಸಿರು ಕಾದ ಡಾಕ್ಟರು. ಲೆಕ್ಕ ಮುಗಿಸಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಲೋಟವನ್ನು ನನ್ನ ಕಡೆ ನಿಧಾನವಾಗಿ ಸರಿಸಿದರು.

"ಹಾಗಾದ್ರೆ ಹಾಲು ಹಾಕ್ಬಿಡು. ರುಚಿಯಾದ್ರೂ ಇರ್ಲಿ."

ಫ್ರಿಜ್ಜಿನಿಂದ ಹಾಲು ತೆಗೆದು ಹಾಕಿದೆ. ಬೆಲ್ಲವನ್ನೂ ಇನ್ನೊಂದು ಚೂರು ಹಾಕಿದೆ.