ಕೂಸಿಗೆ ನೀರೆರೆಯುವ ಅನ್ನದಾನಮ್ಮ

ಹಡಗಲಿಯ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಅನ್ನದಾನಮ್ಮನ ಕಾಲ ಮೇಲೆ ಮಲಗಿ ಎರೆಸಿಕೊಂಡವೇ. ಎರಡೂ ಕಾಲು ಚಾಚಿ ಕೂತು, ಕೂಸನ್ನು ಅವುಗಳ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು ಅವಳ ಕಸುಬು. ನನ್ನ ಇಬ್ಬರು ಮಕ್ಕಳಿಗೂ ಅವಳೇ ಎರೆದವಳು.

೧೯೮೩ರ ಬೇಸಿಗೆಯಲ್ಲಿ ಆ ಕಾಲಿಗೇ ಗಜಕರ್ಣ ಹತ್ತಿತು. ದಿನವೆಲ್ಲ ಒದ್ದೆ ಸೀರೆಯಲ್ಲಿದ್ದರೆ ಹತ್ತದೆ ಬಿಟ್ಟೀತೆ? ಮಗಳು ನೀಲಗಂಗಮ್ಮ ಚೊಚ್ಚಲ ಹೆರಿಗೆಗೆಂದು ಕೊಟ್ಟೂರಿನಿಂದ ಬಂದಿದ್ದಳು. ಊರ ಮಕ್ಕಳಿಗೆಲ್ಲ ಎರೆದವಳಿಗೆ ತನ್ನ ಮೊಮ್ಮಗುವಿಗೂ ಎರೆಯಬೇಕೆಂಬ ಆಸೆ. ಅದಕ್ಕೇ ದವಾಖಾನೆಗೆ ಬಂದಳು. ನಾನು ಅಲ್ಲಿ ಕಂಪೌಂಡರ್. ಡಾಕ್ಟರು ಬರೆದ ಮುಲಾಮಿನ ಟ್ಯೂಬು ಕೊಟ್ಟು, ಗಡಿಬಿಡಿಯಲ್ಲಿ ಹೇಳಿದೆ:

"ದಿನಾ ಎರಡು ಸಲ ತೆಳ್ಳಗ ಹಚ್ಚವ್ವ. ಆರಿದ ಮ್ಯಾಲ ಎರಡು ವಾರ ಹಚ್ಚಬೇಕು."

ಗಜಕರ್ಣ ಪೂರ್ತಿ ಆರಿದ ಮೇಲೂ ಇನ್ನೆರಡು ವಾರ ಎಂಬುದು ನನ್ನ ಮಾತಿನ ಅರ್ಥ. ತೊಳೆದ ಕಾಲಿನ ಪಸೆ ಆರಿದ ಮೇಲೆ ಎಂದು ಅವಳಿಗೆ ಕೇಳಿಸಿತು. ಪಾಪ, ದಿನವೂ ಕಾಲು ತೊಳೆದು, ಬಿಸಿಲಿಗೆ ಕೂತು ಆರಿಸಿಕೊಂಡು ಹಚ್ಚಿದಳು. ಹದಿನಾಲ್ಕನೆಯ ದಿನಕ್ಕೆ ನಿಲ್ಲಿಸಿದಳು. ತುರಿಕೆ ಹೋಗಿತ್ತಲ್ಲ, ಇನ್ನೇನು ಬೇಕು?

ಮೊಮ್ಮಗ ಹುಟ್ಟಿದ. ಎರೆದಳು. ತಿಂಗಳೊಪ್ಪತ್ತಿನಲ್ಲಿ ಕೂಸಿನ ಬೆನ್ನ ಮೇಲೆ ಕೆಂಪು ಉಂಗುರಗಳೆದ್ದವು. ಉಳಿದ ಮುಲಾಮು ಹಿಡಿದು ಓಡಿ ಬಂದಳು.

"ಇದನ್ನ ಕೂಸಿಗೆ ಹಚ್ಲೇನ್ರಿ?"

"ಕೇಳಿದ್ದು ಚಲೋ ಆತು. ನಿನ್ನ ಔಷಧ ಕೂಸಿಗೆ ಹಚ್ಚಬ್ಯಾಡ, ಅದಕ್ಕ ಬ್ಯಾರೆ ಕೊಡ್ತೀನಿ," ಎಂದ ಡಾಕ್ಟರು ಅವಳ ಕಾಲನ್ನೂ ನೋಡಿದರು. ಗಜಕರ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. "ನಿನ್ನ ಕಾಲು ಪೂರ್ತಿ ವಾಸಿ ಆಗೋಮಟ ಕೂಸಿಗೆ ಎರೀಬ್ಯಾಡ. ಟವೆಲ್ಲೂ ಬ್ಯಾರೆ ಇರ್ಲಿ. ಎಷ್ಟು ದಿನ ಹಚ್ಚಿದ್ದಿ?"

"ಕಂಪೌಂಡ್ರು ಹೇಳ್ದಂಗ ರೀ. ಆರಿಸ್ಕೊಂಡು, ಎರಡು ವಾರ."

ತಪ್ಪು ನನ್ನದೆಂದು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ, ಹೇಡಿ ನಾನು.

ಕೂಸಿನ ಬೆನ್ನು ಬೇಗ ವಾಸಿಯಾಯಿತು. ಅನ್ನದಾನಮ್ಮನ ಕಾಲಿಗೆ ಎರಡು ತಿಂಗಳೇ ಹಿಡಿಯಿತು. ಓಣಿಯಲ್ಲಿ ಯಾರೂ ಅವಳನ್ನು ಎರೆಯಲು ಕರೆಯಲಿಲ್ಲ. ಇನ್ನು ಎರೆಯಬಹುದು ಎಂದು ಡಾಕ್ಟರು ಹೇಳಿದ ದಿನ ನಾನೂ ಅವಳ ಜೊತೆ ಮನೆಗೆ ಹೋದೆ. ಮರುದಿನ ಮಗಳು ಕೊಟ್ಟೂರಿಗೆ ಹೊರಡುವವಳಿದ್ದಳು.

ಹಿತ್ತಲಲ್ಲಿ ನೀರು ಕಾದಿತ್ತು. ಅನ್ನದಾನಮ್ಮ ಮಣೆ ಹಾಕಿ ಕೂತು, ಕಾಲು ಚಾಚಿ, ಕೈ ನೀಡಿದಳು. ನೀಲಗಂಗಮ್ಮ ಕೂಸನ್ನು ಅವುಚಿಕೊಂಡು ನಿಂತೇ ಇದ್ದಳು.

"ವಾಸಿ ಆಗೈತವ್ವ, ಡಾಕ್ಟ್ರೇ ಹೇಳ್ಯಾರ," ಎಂದೆ. "ತಪ್ಪು ನಿಮ್ಮವ್ವಂದಲ್ಲ. ನಾನ ಬಿಡಿಸಿ ಹೇಳ್ಲಿಲ್ಲ."

"ಇರಬಹುದ್ರಿ," ಎಂದಳು ಆಕೆ. ಕೂಸನ್ನು ಕೊಡಲಿಲ್ಲ.

ಅನ್ನದಾನಮ್ಮ ನೀಡಿದ ಕೈಯನ್ನು ಮೆಲ್ಲಗೆ ಇಳಿಸಿದಳು. ಕಾಲು ಮಡಚಿಕೊಂಡಳು. ಎದ್ದು ಮಣೆಯನ್ನು ಮಗಳ ಕಡೆ ಸರಿಸಿದಳು.

"ನೀನ ಕೂಡವ್ವ," ಎಂದಳು. "ನಾ ನೀರು ಹಾಕ್ತೀನಿ."