ಬಸ್ಸಿನಲ್ಲಿ ಬಂದ ಹೆಲ್ಮೆಟ್

ಗೆಳೆಯರೇ, ಬಸವನ ಬಾಗೇವಾಡಿಯಿಂದ ಈಗಷ್ಟೇ ಇಂಡಿ ಊರಿನ ಮನೆಗೆ ಬಂದೆ. ಬೈಕ್ ಪ್ರವಾಸದ ಬ್ಲಾಗ್ ಬರೆಯುವ ನಾವು ಮೂವರು ಇವತ್ತು ಅಲ್ಲಿಯ ಚಹಾದಂಗಡಿಯಲ್ಲಿ ಸೇರಿದ್ದೆವು. ತಲುಪಿದ ಕೂಡಲೇ ಗಾಡಿಯ ಮೀಟರಿನ ಫೋಟೋ ತೆಗೆದು ಗ್ರೂಪಿಗೆ ಹಾಕುವುದು ನಮ್ಮ ನೇಮ. ಮುದ್ದೇಬಿಹಾಳದ ಶಿವಾನಂದ ಬಸ್ ಟಿಕೆಟ್ಟಿನ ಫೋಟೋ ಹಾಕಿದ. ಅವನ ಬಗಲಲ್ಲಿ ಹೆಲ್ಮೆಟ್ ಇತ್ತು.

“ತಮ್ಮಂದು ಪರೀಕ್ಷಾ ಐತ್ರಿ, ಗಾಡಿ ಅವಂಗ ಕೊಟ್ಟೇನಿ. ಅಡ್ಡಾಡಾಕ ಹೊಂಟ್ರ ಯಾರರೆ ಹಿಂದ ಕುಂದರಿಸ್ಕೋತೀರಿ ಅಂತ ಹೆಲ್ಮೆಟ್ ತಂದೇನಿ,” ಅಂದ.

ಸಿಂದಗಿಯ ಮಲ್ಲಪ್ಪ ಗಾಡಿ ತಗೊಂಡು ಇನ್ನೂ ತಿಂಗಳಾಗಿಲ್ಲ. “ಇದು ಬೈಕಿನವರ ಕೂಟ. ಬಸ್ಸಿನ್ಯಾಗ ಬಂದಾವ ಫೋಟೋದಾಗ ಬ್ಯಾಡ,” ಅಂದುಬಿಟ್ಟ. ಶಿವಾನಂದ ನನ್ನ ಮೊಬೈಲ್ ಇಸಿದುಕೊಂಡು ನಮ್ಮಿಬ್ಬರ ಫೋಟೋ ತೆಗೆದ. ನಾನೂ ಮಲ್ಲಪ್ಪನ ಪಕ್ಕ ಹೋಗಿ ನಿಂತೆ. ಅದು ಈಗಲೂ ಚುಚ್ಚುತ್ತಿದೆ.

ಹೊರಡುವಾಗ ಮಲ್ಲಪ್ಪನ ಗಾಡಿ ಶುರುವಾಗಲಿಲ್ಲ. ಮೀಟರ್ ಬೆಳಗಿ ಫೋಟೋ ಚೆನ್ನಾಗಿ ಬರಲೆಂದು ತಿರುವಿಟ್ಟ ಕೀಲಿಯನ್ನು ಎರಡು ತಾಸಾದರೂ ತೆಗೆದಿರಲಿಲ್ಲ. ಬ್ಯಾಟರಿ ಇಳಿದಿತ್ತು, ಆ ಗಾಡಿಗೆ ಕಿಕ್ಕರೂ ಇಲ್ಲ.

“ಮ್ಯಾಲ ಕುಂದರ್ರಿ, ನಾ ದಬ್ಬತೇನಿ,” ಅಂದ ಶಿವಾನಂದ. ಕೈ ಖಾಲಿ ಇರಲೆಂದು ಹೆಲ್ಮೆಟ್ಟನ್ನು ತಲೆಗೇ ಹಾಕಿಕೊಂಡ. ನಾನೂ ಕೈ ಹಚ್ಚಿದೆ, ಮೊಬೈಲನ್ನು ಚಹಾದಂಗಡಿಯ ಅಕ್ಕನಿಗೆ ಕೊಟ್ಟು.

ನಾವು ಮೂವರೂ ಇರುವ ಫೋಟೋ ಅಕ್ಕ ತೆಗೆದದ್ದು ಒಂದೇ. ಅದರಲ್ಲಿ ಹೆಲ್ಮೆಟ್ ಹಾಕಿಕೊಂಡವನು ಒಬ್ಬನೇ, ಅವನು ಗಾಡಿಯ ಹಿಂದೆ ಓಡುತ್ತಿದ್ದಾನೆ.